ಗ್ರಹಣದಲ್ಲಿ ಕೊಯ್ದ ಸೀಬೆಹಣ್ಣು

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಬೆಳಗಿನಿಂದ ಸಂಜೆಯವರೆಗೆ ನಾನು ಜನಕ್ಕೆ ಹೇಳುವುದು ಒಂದೇ ಮಾತು: ‘ಸ್ವಲ್ಪ ನಗಿ.’ ಅರ್ಜಿಗೆ ಫೋಟೋ ಬೇಕೆಂದು ಬಂದವರು ನಗುವುದಿಲ್ಲ, ಮದುಮಗ ನಗುವುದಿಲ್ಲ, ಮದುಮಗಳ ಅಪ್ಪನಂತೂ ನಗುವ ಮಾತೇ ಇಲ್ಲ. ಅವರನ್ನೆಲ್ಲ ಬೈದು, ಪುಸಲಾಯಿಸಿ ನಗಿಸುವ ನಾನು ಮಾತ್ರ ಕ್ಯಾಮೆರಾದ ಮುಂದೆ ನಿಂತದ್ದು ಕಡಿಮೆ. ಆಧಾರ್ ಕಾರ್ಡಿಗೆ ಒಮ್ಮೆ, ಮದುವೆಯಲ್ಲಿ ಒಮ್ಮೆ. ಮದುವೆಯ ಆಲ್ಬಮ್ಮಿನಲ್ಲಿ ಕೂಡ ಮುಕ್ಕಾಲು ಪಾಲು ಹೆಂಡತಿಯೇ ಇದ್ದಾಳೆ.

ಕಾರಣ ನನ್ನ ಮೇಲ್ದುಟಿ. ನಾನು ಹುಟ್ಟಿದ್ದೇ ಸೀಳುತುಟಿಯ ಜೊತೆ. ಚಿಕ್ಕವನಿದ್ದಾಗ ಶಿವಮೊಗ್ಗದಲ್ಲಿ ಹೊಲಿಸಿದರು, ಹೊಲಿಗೆ ಚೆನ್ನಾಗಿಯೇ ಕೂತಿದೆ. ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ, ಮೀಸೆ ಒಂದು ಕಡೆ ಸಣ್ಣ ಜಾಗ ಬಿಟ್ಟು ಬೆಳೆಯುತ್ತದೆ, ಅಷ್ಟೇ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ಹತ್ತಿರದಿಂದ ನೋಡಿ, ‘ನಿಮ್ಮ ಮೀಸೇಲಿ ಒಂದು ಕಾಲುದಾರಿ ಐತಲ್ರೀ’ ಎಂದಿದ್ದಳು. ಅವಳು ಕಡೂರಿನ ಕಡೆಯವಳು, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅವಳಿಗೆ ಹೊತ್ತು ಬೇಡ. ನಾನು ನಕ್ಕುಬಿಟ್ಟೆ. ಅಲ್ಲಿಯವರೆಗೆ ಆ ತುಟಿಯ ಬಗ್ಗೆ ಇದ್ದ ಚೂರುಪಾರು ಬೇಸರವೂ ಅವತ್ತೇ ಹೋಯಿತು. ನನಗೆ ಅದೊಂದು ದುಃಖವೇ ಅಲ್ಲ. ದುಃಖ ಇದ್ದದ್ದು ನಮ್ಮವ್ವನಿಗೆ.

ಅವ್ವ ಸೀಬೆಹಣ್ಣು ತಿನ್ನುತ್ತಿರಲಿಲ್ಲ. ಯಾರಾದರೂ ಕೊಟ್ಟರೆ, ‘ಬೀಜ ಹಲ್ಲಿಗೆ ಸಿಗಾಕ್ಕೊಳ್ತೈತೆ, ಬ್ಯಾಡ’ ಎನ್ನುತ್ತಿದ್ದಳು. ನಾವೂ ಅದನ್ನು ನಂಬಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಸೋದರತ್ತೆ ಮನೆಗೆ ಬಂದಿದ್ದಳು, ಅಪ್ಪನ ಅಕ್ಕ. ಕನ್ನಡಿಯ ಮುಂದೆ ನಿಂತು ತುಟಿ ನೋಡಿಕೊಳ್ಳುತ್ತಿದ್ದ ನನ್ನನ್ನು ಕಂಡು ಲೊಚಗುಟ್ಟಿದಳು. ‘ನೀನು ಹೊಟ್ಟೇಲಿದ್ದಾಗ ಗ್ರಹಣ ಹಿಡಿದಿತ್ತು ಕಣೋ. ಮನೆ ಮಂದಿಯೆಲ್ಲ ಉಪವಾಸ ಕೂತಿದ್ರೆ ನಿಮ್ಮವ್ವ ಹಿತ್ಲು ಬಾಗ್ಲು ಹಿಂದೆ ಈಳಿಗೆಮಣೆ ಹಾಕ್ಕೊಂಡು ಸೀಬೆಹಣ್ಣು ಕೊಯ್ಕೊಂಡು ತಿಂದ್ಲು. ಹಣ್ಣು ಕೊಯ್ದಂಗೆ ನಿನ್ನ ತುಟೀನೂ ಕೊಯ್ದೋಯ್ತು.’ ಅವ್ವ ಅಲ್ಲೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಿದ್ದ ರೊಟ್ಟಿಯನ್ನು ಇನ್ನೂ ತಟ್ಟಿದಳು, ಅದು ಹರಿದುಹೋಯಿತು.

ನನಗೆ ಅತ್ತೆಯ ಮೇಲೆ ಸಿಟ್ಟು ನೆತ್ತಿಗೇರಿತು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ‘ಬಸುರಿ ಹೆಂಗಸನ್ನ ಉಪವಾಸ ಕೆಡವಿದ್ರಲ್ಲ, ನಿಮಗೇನೂ ಆಗಲಿಲ್ವಾ’ ಎಂದು ಕೇಳಿಯೇಬಿಟ್ಟೆ. ಅತ್ತೆ ಆಮೇಲೆ ಎಷ್ಟೋ ದಿನ ನಮ್ಮ ಮನೆಗೆ ಬರಲಿಲ್ಲ. ಆದರೆ ಅವಳು ಬಿಟ್ಟುಹೋದ ಮಾತು ಮನೆಯಲ್ಲೇ ಉಳಿಯಿತು. ಅವ್ವ ಸೀಬೆಹಣ್ಣನ್ನು ಯಾಕೆ ಮುಟ್ಟುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು.

ಗ್ರಹಣ ಬಂತೆಂದರೆ ನಮ್ಮ ಮನೆಯಲ್ಲಿ ಕರ್ಫ್ಯೂ. ಬಾಗಿಲು ಹಾಕಿ, ಕಿಟಕಿ ಹಾಕಿ, ಗವಾಕ್ಷಿಗೆ ಹಳೇ ಬಟ್ಟೆ ತುರುಕಿ, ಹಾಲಿಗೆ ನೀರಿಗೆ ಉಪ್ಪಿನಕಾಯಿ ಜಾಡಿಗೆ ಒಂದೊಂದು ಎಸಳು ಗರಿಕೆ ಹಾಕಿ, ಅವ್ವ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಬಿಟ್ಟ ಮೇಲೆ ತಣ್ಣೀರು ಸ್ನಾನ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಕೊರಳಲ್ಲಿ ಲಿಂಗ ಇರುವವರಿಗೆ ಗ್ರಹಣದ ಸೂತಕ ಇಲ್ಲ ಎಂದು ಮಠದ ಸ್ವಾಮಿಗಳೇ ಹೇಳಿದ್ದರು, ಅವ್ವನೂ ಎದುರಿಗೆ ಕೂತು ಕೇಳಿದ್ದಳು. ಮನೆಗೆ ಬಂದ ಮೇಲೆ, ‘ಅವರು ದೊಡ್ಡೋರು, ಹೇಳ್ತಾರೆ. ಅವರೇನು ಹೆತ್ತೋರಾ?’ ಎಂದಳು.

ಮುಂದೊಮ್ಮೆ ಸೀಳುತುಟಿ ಮಕ್ಕಳಿಗೆಂದು ನಡೆದ ಒಂದು ಉಚಿತ ತಪಾಸಣೆಗೆ ಫೋಟೋ ತೆಗೆಯಲು ಹೋಗಿದ್ದೆ. ಅಲ್ಲಿಗೆ ಬಂದಿದ್ದ ಡಾಕ್ಟರಮ್ಮ ನನ್ನ ಮುಖ ನೋಡಿ, ‘ನಿಮ್ಮದು ಒಳ್ಳೆ ಹೊಲಿಗೆ’ ಎಂದರು. ಹೊಗಳಿಕೆಯೇ ಸರಿ ಅಂದುಕೊಂಡು ಗ್ರಹಣದ ವಿಚಾರ ಕೇಳಿದೆ. ಅವರು ನಗಲಿಲ್ಲ. ‘ಮಗುವಿನ ತುಟಿ ಕೂಡಿಕೊಳ್ಳೋದು ಬಸುರಿನ ಮೊದಮೊದಲ ತಿಂಗಳಲ್ಲೇ. ನಿಮ್ಮ ತಾಯಿಗೆ ಆಗ ಎಷ್ಟು ತಿಂಗಳು?’ ಎಂದು ಕೇಳಿದರು. ತುಂಬಿದ ಬಸುರಿ, ಇನ್ನೇನು ಹೆರಿಗೆಗೆ ತವರಿಗೆ ಹೊರಟಿದ್ದಳಂತೆ ಎಂದೆ. ‘ಹಾಗಾದರೆ ಅವರು ಹಣ್ಣು ಕೊಯ್ಯೋ ಹೊತ್ತಿಗೆ ನಿಮ್ಮ ತುಟಿ ಹೇಗಿರಬೇಕು ಅಂತ ಯಾವತ್ತೋ ತೀರ್ಮಾನ ಆಗಿತ್ತು’ ಎಂದರು ಡಾಕ್ಟರಮ್ಮ. ನಾನು ಕ್ಯಾಮೆರಾ ಬ್ಯಾಗನ್ನು ಅಲ್ಲೇ ಬಿಟ್ಟು ಓಡಿಬರುವುದೊಂದು ಬಾಕಿ.

ಮನೆಗೆ ಬಂದು ಅವ್ವನನ್ನು ಕೂರಿಸಿ ಎಲ್ಲ ಹೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತ ಕೇಳಿದಳು.

‘ಆ ಡಾಕ್ಟ್ರು ಹೆತ್ತಿದ್ದಾರೇನೋ?’

‘ಎರಡು ಹೆತ್ತಿದ್ದಾರಂತೆ ಅವ್ವ. ಕೇಳ್ಕೊಂಡೇ ಬಂದೀನಿ.’

ಅವ್ವ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಆಮೇಲೆ, ‘ನನ್ನ ಸಮಾಧಾನಕ್ಕೆ ಏನಾದ್ರೂ ಹೇಳ್ತೀಯ ನೀನು’ ಎಂದು ಎದ್ದು ಒಳಗೆ ಹೋದಳು. ಮುಂದಿನ ಗ್ರಹಣಕ್ಕೆ ಮತ್ತೆ ಗವಾಕ್ಷಿಗೆ ಬಟ್ಟೆ ತುರುಕಿದಳು.

ಈಗ ಹೇಳಹೊರಟದ್ದು ಅಜ್ಜಂಪುರ ತಾಲ್ಲೂಕಾಗುವುದಕ್ಕೆ ಸ್ವಲ್ಪ ಮುಂಚಿನ ಒಂದು ಚಳಿಗಾಲದ ಮಾತು. ತರೀಕೆರೆಯಲ್ಲಿ ನನ್ನಂತೆಯೇ ಸ್ಟುಡಿಯೋ ಇಟ್ಟಿರುವ ಒಬ್ಬ ಸ್ನೇಹಿತನಿದ್ದಾನೆ. ಸೀಸನ್ನಿನಲ್ಲಿ ಅವನ ಸಾಮಾನು ನನಗೆ, ನನ್ನ ಸಾಮಾನು ಅವನಿಗೆ ಓಡಾಡುತ್ತಿರುತ್ತವೆ. ಒಂದು ದಿನ ಫೋನು ಮಾಡಿ, ‘ಈ ಹುಣ್ಣಿಮೆ ದಿನ ಚಂದ್ರ ಗ್ರಹಣ ಹಿಡ್ಕೊಂಡೇ ಹುಟ್ತಾನಂತೆ ಕಣೋ. ಸಂಜೆಗೇ ಕಾಣುತ್ತೆ, ನಿದ್ದೆಗೆಡೋ ಹಂಗಿಲ್ಲ’ ಎಂದ.

‘ಹುಟ್ತಾನೇ ಹಿಡಿದಿರುತ್ತಾ? ಹಂಗಾದ್ರೆ ನನ್ನ ಜಾತಿಯೋನೇ’ ಎಂದೆ.

ತಮಾಷೆಗೆ ಅಂದದ್ದು ತಲೆಯಲ್ಲಿ ಕೂತುಬಿಟ್ಟಿತು. ಬುಕ್ಕಾಂಬುಧಿಯ ಕೆರೆ ನನಗೆ ಗೊತ್ತು. ಮದುವೆಯ ಜೋಡಿಗಳನ್ನು ಏರಿಯ ಮೇಲೆ ನಿಲ್ಲಿಸಿ ಎಷ್ಟೋ ಸಲ ಫೋಟೋ ತೆಗೆದಿದ್ದೇನೆ. ಏರಿಯ ಒಂದು ಕಡೆ ನಿಂತರೆ ಎದುರಿಗೆ ನೀರು, ನೀರಿನಾಚೆ ಗುಡ್ಡದ ಸಾಲು. ಆ ಸಾಲಿನ ಮೇಲೆ ಕೆಂಪು ಚಂದ್ರ ಎದ್ದು ಬರುವ ಫೋಟೋ ಒಂದನ್ನು ತೆಗೆಯಬೇಕು ಅನ್ನಿಸಿತು. ಬೇರೆಯವರಿಗಾಗಿ ತೆಗೆದೂ ತೆಗೆದೂ ಸಾಕಾಗಿತ್ತು, ಇದು ನನ್ನ ಮನೆಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅವ್ವನಿಗೆ. ಅಷ್ಟು ಹೆದರಿದ್ದಾಳಲ್ಲ, ಅವಳು ಗ್ರಹಣವನ್ನು ಒಮ್ಮೆಯೂ ಕಣ್ಣಾರೆ ನೋಡಿದವಳಲ್ಲ. ಕಣ್ಣಿಂದ ನೋಡಲಾರಳು, ಫೋಟೋದಲ್ಲಾದರೂ ನೋಡಲಿ. ಚಂದದ ಒಂದು ಫೋಟೋ ಎದುರಿಗೆ ಹಿಡಿದು, ‘ಇದೇ ನೋಡವ್ವ ನೀನು ಹೆದರಿದ್ದು, ಇದು ಯಾರ ತುಟೀನೂ ಕೊಯ್ಯಲ್ಲ’ ಎಂದು ಹೇಳಬೇಕು. ಆ ಭಾರ ಅವಳ ತಲೆಯಿಂದ ಇಳಿಯಬೇಕು. ನನ್ನ ಆಸೆ ಇದ್ದದ್ದು ಅಷ್ಟೇ.

ಹೇಳಿದ ಕೂಡಲೇ ಮನೆಯಲ್ಲಿ ರಂಪ. ‘ಹೊಟ್ಟೇಲಿದ್ದಾಗಲೇ ಒಂದು ಸಲ ತಗುಲಿರೋನು ನೀನು. ಮತ್ತೆ ಅದರ ಎದುರಿಗೇ ಹೋಗಿ ನಿಲ್ತೀಯೇನೋ?’ ಎಂದಳು ಅವ್ವ. ನಾನು ಹೋಗೇ ಹೋಗುತ್ತೇನೆ ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. ಗ್ರಹಣದ ಹಿಂದಿನ ದಿನ ಸಂಜೆ ನನ್ನ ಹೆಂಡತಿಯ ಮೂಲಕ ತೀರ್ಪು ಬಂತು.

‘ನಿಮ್ಮವ್ವ ಹೋಗ್ಬೇಡ ಅನ್ನಲ್ವಂತೆ ಕಣ್ರೀ. ಆದ್ರೆ ತಾವೂ ಬತ್ತಾರಂತೆ.’

‘ಎಲ್ಲಿಗೆ?’

‘ಗ್ರಹಣಕ್ಕೆ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯಿಂದ ಅವ್ವನ ದನಿ ಕೇಳಿಸಿತು. ‘ನಾನು ನೋಡಾಕೆ ಬತ್ತಿಲ್ಲ. ಗಾಡಿ ಒಳಗೇ ಕೂತಿರ್ತೀನಿ. ಮಗ ಒಬ್ಬನೇ ಅದರ ಕೆಳಗೆ ನಿಂತಿದ್ರೆ ನಾನು ಮನೇಲಿ ಹೆಂಗೆ ಕೂರಲಿ?’

ಮರುದಿನ ಮಧ್ಯಾಹ್ನ ಮೂವರೂ ಓಮ್ನಿಯಲ್ಲಿ ಹೊರಟೆವು. ಅವ್ವ ಬೆಳಗ್ಗೆ ಉಂಡದ್ದೇ ಕೊನೆ, ಗ್ರಹಣ ಬಿಡುವವರೆಗೆ ಇನ್ನೇನೂ ಇಲ್ಲ. ಕೈಚೀಲದಲ್ಲಿ ವಿಭೂತಿ, ಒಂದು ಹಿಡಿ ಗರಿಕೆ, ಕಿಟಕಿಗೆ ಕಟ್ಟಲು ಒಂದು ಕಂಬಳಿ. ನನ್ನ ಹೆಂಡತಿಗೆ ಉಪವಾಸದ ಗೊಡವೆಯಿಲ್ಲ. ದಾರಿಯಲ್ಲಿ ತಳ್ಳುಗಾಡಿ ಕಂಡದ್ದೇ ‘ನಿಲ್ಸಿ ನಿಲ್ಸಿ’ ಎಂದು ಇಳಿದು ಒಂದು ಚೀಲ ತುಂಬ ಸೀಬೆಹಣ್ಣು ತಂದಳು. ಪಾಪ, ಅವಳಿಗೆ ಗೊತ್ತಿರಲಿಲ್ಲ. ತನ್ನ ಅತ್ತೆಗೆ ಬೀಜ ಹಲ್ಲಿಗೆ ಸಿಗುತ್ತದೆ ಅನ್ನುವುದಷ್ಟೇ ಅವಳಿಗೆ ತಿಳಿದದ್ದು. ಗಾಡಿಯೊಳಗೆ ಹಣ್ಣಿನ ವಾಸನೆ ತುಂಬಿಕೊಂಡಿತು. ಕನ್ನಡಿಯಲ್ಲಿ ನೋಡಿದೆ, ಅವ್ವ ಕಿಟಕಿಯ ಕಡೆ ತಿರುಗಿದ್ದಳು.

ದಾರಿ ಗುಂಡಿಬಿದ್ದದ್ದು, ಲೆನ್ಸು ಬೇರೆ ತರೀಕೆರೆಯ ಸ್ನೇಹಿತನಿಂದ ಕೇಳಿ ತಂದದ್ದು. ಅಲುಗಾಡಿ ಏನಾದರೂ ಆದರೆ ಅವನು ನನ್ನ ಜನ್ಮ ಜಾಲಾಡುತ್ತಾನೆ. ಅದಕ್ಕೇ ಲೆನ್ಸು ಹಾಕಿದ ಕ್ಯಾಮೆರಾವನ್ನು ಅವ್ವನ ತೊಡೆಯ ಮೇಲೆ ಇಟ್ಟು, ‘ಹುಷಾರಾಗಿ ಹಿಡ್ಕೊಂಡಿರವ್ವ, ಮಗು ಇದ್ದಂಗೆ’ ಎಂದಿದ್ದೆ. ಅವಳು ಅದರ ಮೇಲೆ ಸೆರಗು ಹೊದಿಸಿ ಕೂತಳು. ಎರಡೂ ಕಡೆ ಕಡಲೆ ಹೊಲ, ಕಿತ್ತು ಗುಡ್ಡೆ ಹಾಕಿದ ಗಿಡ. ಹೊಲಗಳಲ್ಲಿ ಅವತ್ತು ಆಳುಗಳು ಬೇಗ ಕೆಲಸ ಬಿಟ್ಟಿದ್ದರು.

ಕೆರೆಯ ಏರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಹಿಂದೆ ದೂರದಲ್ಲಿ ಕೆಮ್ಮಣ್ಣುಗುಂಡಿಯ ಕಡೆಯ ಗಿರಿಗಳು ನೀಲಿಯಾಗಿ ನಿಂತಿದ್ದವು, ಸೂರ್ಯ ಅವುಗಳ ಹಿಂದೆ ಇಳಿಯುತ್ತಿದ್ದ. ಎದುರಿಗೆ ನೀರಿನಾಚೆ ನನ್ನ ಗುಡ್ಡದ ಸಾಲು. ಸೂರ್ಯ ಆ ಕಡೆ ಮುಳುಗುವ ಹೊತ್ತಿಗೇ ಚಂದ್ರ ಈ ಕಡೆ ಏಳಬೇಕು. ಓಮ್ನಿಯನ್ನು ಏರಿಯ ಕೆಳಗೆ ಒಂದು ಹುಣಸೆಮರದ ಪಕ್ಕ ನಿಲ್ಲಿಸಿ, ಕಂಬಳಿಯನ್ನು ಕಿಟಕಿಗೆ ಕಟ್ಟಿಕೊಟ್ಟೆ. ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿ, ಕ್ಯಾಮೆರಾವನ್ನು ಕೈಗೆ ಕೊಟ್ಟು, ಸೀಟಿನ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದಳು. ನಾನು ಏರಿಯ ಮೇಲೆ ಸ್ಟ್ಯಾಂಡು ಊರಿ ಕಾಯತೊಡಗಿದೆ.

ಸೂರ್ಯ ಮುಳುಗಿದ. ಚಂದ್ರ ಬರಲಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತು, ಬೆಳ್ಳಕ್ಕಿಗಳು ಮನೆಗೆ ಹೋದವು, ನೀರಿನ ಕಡೆಯಿಂದ ಚಳಿಗಾಳಿ ಏಳತೊಡಗಿತು. ಚಂದ್ರನ ಸುಳಿವೇ ಇಲ್ಲ. ಪಂಚಾಂಗದವರನ್ನು ಬೈದೆ, ಮೊಬೈಲನ್ನು ಬೈದೆ, ಸ್ನೇಹಿತನನ್ನೂ ಬೈದೆ. ಹೆಂಡತಿ ಏರಿಯ ಕಲ್ಲಿನ ಮೇಲೆ ಕೂತು ಸೀಬೆಹಣ್ಣು ಕಚ್ಚುತ್ತ, ‘ನೀವು ಬೈತಿರೋದು ಕೇಳಿ ಅವನು ಅಲ್ಲೇ ಕೂತಿರ್ಬೇಕು’ ಎಂದಳು.

‘ಬಂತಾ?’ ಗಾಡಿಯೊಳಗಿಂದ ಅವ್ವ ಕೇಳಿದಳು.

‘ಇಲ್ಲವ್ವ.’

‘ಒಳ್ಳೇದೇ ಆಯ್ತು’ ಎಂದಳು ಅವ್ವ.

ಮೊದಲು ಕಂಡದ್ದು ನನ್ನ ಹೆಂಡತಿಗೆ. ‘ರೀ, ಅದೇನದು’ ಎಂದು ಕೈ ತೋರಿಸಿದಳು. ನಾನು ಗುಡ್ಡದ ನೆತ್ತಿಯನ್ನೇ ನೋಡುತ್ತ ನಿಂತಿದ್ದೆ, ಅವನು ಆಗಲೇ ನೆತ್ತಿ ಬಿಟ್ಟು ಸಾಕಷ್ಟು ಮೇಲೆ ಬಂದುಬಿಟ್ಟಿದ್ದ. ಬೆಳಕೇ ಇಲ್ಲದ ಚಂದ್ರ ಯಾರ ಕಣ್ಣಿಗೂ ಬೀಳದೆ ಎದ್ದುಬಂದಿದ್ದ, ಕತ್ತಲಾದ ಮೇಲೆ ಅಲ್ಲೇ ಇದ್ದಾನೆಂದು ತಿಳಿಯಿತು. ಹಳೇ ಇಟ್ಟಿಗೆಯ ಬಣ್ಣ. ಸುತ್ತ ನಕ್ಷತ್ರಗಳು, ಹುಣ್ಣಿಮೆಯ ದಿನ ಅಷ್ಟು ನಕ್ಷತ್ರ ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಹಳ ಸಂತೋಷವಾಯಿತು ನನಗೆ. ಕೆಲಸ ಅನ್ನುವುದನ್ನೂ ಮರೆತು ನೋಡಿದೆ.

ಆಮೇಲೆ ಲೆನ್ಸಿನ ಮುಚ್ಚಳ ತೆಗೆದು ಶುರುಮಾಡಿದೆ. ಗುಡ್ಡವೂ ಚಂದ್ರನೂ ಕೂಡಿ ಬರುವಂತೆ ಅಗಲಕ್ಕೆ ಒಂದಿಷ್ಟು, ಚಂದ್ರನೊಬ್ಬನನ್ನೇ ಹತ್ತಿರಕ್ಕೆಳೆದು ಒಂದಿಷ್ಟು. ಕೈ ಚಳಿಗೆ ನಡುಗುತ್ತಿತ್ತು, ಮನಸ್ಸು ಹಾಡುತ್ತಿತ್ತು. ಅವ್ವ ಒಳಗಿಂದ ಒಂದೊಂದೇ ಕೇಳುತ್ತಿದ್ದಳು.

‘ಹೆಂಗೈತೆ?’

‘ಕೆಂಪಗಿದೆ ಅವ್ವ.’

‘ಎಷ್ಟು ಹಿಡಿದೈತೆ?’

‘ಪೂರ್ತಿ.’

‘ಶಿವನೇ’ ಎಂದಳು. ಸ್ವಲ್ಪ ಬಿಟ್ಟು, ‘ನಿನಗೇನೂ ಆಗ್ತಿಲ್ಲ ತಾನೆ?’ ಎಂದಳು.

‘ಸೊಳ್ಳೆ ಕಚ್ತಾ ಇದೆ’ ಎಂದೆ.

ಆಗ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ಚಂದ್ರನ ಮುಖದ ಮೇಲೆ ಮಂಜು ಕವಿದ ಹಾಗೆ ಮಸುಕು. ಅಗಲದ ಫೋಟೋಗಳಲ್ಲಿ ಗುಡ್ಡದಿಂದ ಶುರುವಾಗಿ ಚಂದ್ರನ ಮೇಲೆ ಹಾಯ್ದು ಹೋಗುವ ಒಂದು ಓರೆ ನೆರಳು. ಎಲ್ಲದರಲ್ಲೂ ಅದೇ ಜಾಗದಲ್ಲಿ. ಕತ್ತಲಲ್ಲಿ ಲೆನ್ಸಿನ ಮುಂದೆ ಉಫ್ ಎಂದು ಊದಿದೆ, ಮತ್ತೆ ತೆಗೆದೆ, ನೆರಳು ಅಲ್ಲೇ. ಬೂಷ್ಟು ಹಿಡಿದ ಲೆನ್ಸು ಕೊಟ್ಟಿದ್ದಾನೆ ಎಂದು ತರೀಕೆರೆಗೆ ಫೋನು ಹಚ್ಚಿದೆ.

‘ನಿನ್ನ ಲೆನ್ಸಿಗೆ ಬೂಷ್ಟು ಬಂದೈತೆ ಕಣೋ. ಇಂಥಾದ್ದನ್ನ ಕೊಡಾಕೆ ನಾಚಿಕೆ ಆಗಲ್ವಾ ನಿನಗೆ?’

‘ಲೇ, ಮೊನ್ನೆ ತಾನೇ ಒಂದು ಮದುವೆ ಶೂಟ್ ಮಾಡ್ಕೊಂಡು ಬಂದೀನಿ ಅದರಲ್ಲಿ. ಬೂಷ್ಟು ನಿನ್ನ ಕಣ್ಣಿಗೆ ಬಂದಿರ್ಬೇಕು, ಬ್ಯಾಟರಿ ಬಿಟ್ಟು ನೋಡು’ ಎಂದು ಅವನು ಫೋನಿಟ್ಟ.

ಹೆಂಡತಿ ಮೊಬೈಲಿನ ಬೆಳಕು ಬಿಟ್ಟಳು. ಲೆನ್ಸಿನ ಮುಂದಿರುವ ಅಂಚಿನ ಒಳಗೆ, ಈ ಗೋಡೆಯಿಂದ ಆ ಗೋಡೆಗೆ ಓರೆಯಾಗಿ, ಒಂದು ಎಸಳು ಗರಿಕೆ ನಿಂತಿತ್ತು.

ನಾನು ಬೆರಳು ಹಾಕಿ ಅದನ್ನು ಎಳೆದು ಕೈಯಲ್ಲಿ ಹಿಡಿದೆ. ಉಪ್ಪಿನಕಾಯಿ ಜಾಡಿಗೆ ಹಾಕುವ ಹಾಗೆ ನನ್ನ ಲೆನ್ಸಿಗೂ ಹಾಕಿದ್ದಳು. ದಾರಿಯಲ್ಲಿ ಸೆರಗಿನ ಕೆಳಗೆ ಮುಚ್ಚಳ ತೆಗೆದು, ಗರಿಕೆ ಇಟ್ಟು, ಮುಚ್ಚಳ ಹಾಕಿದ್ದಾಳೆ. ಇಷ್ಟು ದಿನದ ಆಸೆ, ಕೆಂಪು ಚಂದ್ರನ ಅಷ್ಟೂ ಫೋಟೋ, ಎಲ್ಲದರ ಮೇಲೆ ಗರಿಕೆಯ ನೆರಳು. ಏರಿ ಇಳಿದು ಹೋಗಿ ಗಾಡಿಯ ಬಾಗಿಲನ್ನು ಜಗ್ಗಿದೆ.

‘ಇದನ್ನ ಲೆನ್ಸಲ್ಲಿ ಇಟ್ಟೋರು ಯಾರವ್ವ?’

ಅವ್ವ ಕಣ್ಣು ತೆರೆದಳು. ಕೈಯಲ್ಲಿದ್ದ ಗರಿಕೆಯನ್ನು ನೋಡಿದಳು, ಆಚೆ ಆಕಾಶದ ಕಡೆ ಮಾತ್ರ ನೋಡಲಿಲ್ಲ.

‘ನಾನೇ ಕಣೋ. ಅದರ ಕಣ್ಣಲ್ಲಿ ತಾನೇ ನೀನು ನೋಡೋದು. ನಿನಗೆ ತಗುಲದಿರ್ಲಿ ಅಂತ ಇಟ್ಟೆ. ಯಾಕೆ, ಏನಾಯ್ತು?’

‘ಏನಾಗ್ಬೇಕು. ಎಲ್ಲಾ ಫೋಟೋನೂ ಕೆಟ್ಟೋಯ್ತು.’

ಅವಳ ಮುಖ ಬಿದ್ದುಹೋಯಿತು. ‘ಮತ್ತೆ ನಾನೇ ಕೆಡಿಸಿದ್ನಾ’ ಎಂದಳು. ‘ಆವತ್ತೂ ನಾನೇ, ಇವತ್ತೂ ನಾನೇ.’ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ನನ್ನ ಕೋಪ ಅಲ್ಲೇ ಇಳಿದುಹೋಯಿತು. ನಾನು ಹುಟ್ಟಿದಾಗಿನಿಂದ ಆ ಮಾತನ್ನು ಎದೆಯಲ್ಲಿಟ್ಟುಕೊಂಡು, ನನಗೆ ಅನ್ನ ಹಾಕಿ, ಸ್ಕೂಲಿಗೆ ಕಳಿಸಿ, ಹೆಣ್ಣು ನೋಡಿ ಮದುವೆ ಮಾಡಿದ್ದಾಳೆ. ಡಾಕ್ಟರಮ್ಮ ಹೇಳಿದ್ದು, ಸ್ವಾಮಿಗಳು ಹೇಳಿದ್ದು, ಯಾವುದೂ ಆ ಜಾಗ ಮುಟ್ಟಿರಲಿಲ್ಲ. ನನಗೆ ಸಂಕಟವಾಯಿತು. ಸಂಕಟವಾದಾಗಲೂ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ.

‘ಈ ಫೋಟೋ ತೆಗೀತಿದ್ದದ್ದೇ ನಿನಗೆ ತೋರ್ಸಾಕೆ’ ಎಂದೆ. ‘ಅದೇ ಕೆಟ್ಟ ಮೇಲೆ ಇನ್ನೇನು ತೋರ್ಸಲಿ? ಇಳಿದು ಬಾ. ಕಣ್ಣಲ್ಲೇ ನೋಡು.’

‘ಬ್ಯಾಡ ಕಣೋ.’

‘ನೀನು ಬರ್ದಿದ್ರೆ ನಾನು ರಾತ್ರಿಯೆಲ್ಲ ಅದರ ಕೆಳಗೇ ನಿಂತಿರ್ತೀನಿ.’

‘ಅತ್ತೆ, ಬನ್ನಿ, ನಾನಿದೀನಲ್ಲ’ ಎಂದಳು ಹೆಂಡತಿ. ಅವಳು ಏನೂ ಕೇಳಲಿಲ್ಲ, ಆದರೆ ಏನೋ ಇದೆ ಎಂದು ಅವಳಿಗೆ ತಿಳಿದಿತ್ತು. ಗಾಡಿಯೊಳಗೆ ಬಗ್ಗಿ ಅವ್ವನ ಕೈ ಹಿಡಿದಳು. ಅವ್ವ ಇಳಿದಳು. ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು, ನೆಲ ನೋಡಿಕೊಂಡೇ ಏರಿ ಹತ್ತಿದಳು. ನಾನು ಒಂದು ಕಡೆ, ಹೆಂಡತಿ ಒಂದು ಕಡೆ. ಕಲ್ಲಿನ ಮೇಲೆ ಕೂರಿಸಿದೆವು. ಎಷ್ಟೋ ಹೊತ್ತಿನ ಮೇಲೆ ಅವ್ವ ತಾನಾಗಿಯೇ ಸೆರಗು ಸರಿಸಿ ತಲೆ ಎತ್ತಿದಳು.

ಚಂದ್ರನ ಒಂದು ಅಂಚಿನಲ್ಲಿ ಆಗಷ್ಟೇ ಬೆಳಕು ಮೂಡಿತ್ತು. ಉಳಿದದ್ದೆಲ್ಲ ಇನ್ನೂ ಇಟ್ಟಿಗೆ ಕೆಂಪು. ಕೆಳಗೆ ಗುಡ್ಡದ ಸಾಲು ಕಪ್ಪಗೆ ಮಲಗಿತ್ತು, ನೀರಿನಲ್ಲಿ ಅದೇ ಚಂದ್ರ ಅಲುಗುತ್ತಿದ್ದ. ಅವ್ವ ನೋಡಿದಳು. ಒಮ್ಮೆ ಚಂದ್ರನನ್ನು, ಒಮ್ಮೆ ನನ್ನ ಮುಖವನ್ನು, ಮತ್ತೆ ಚಂದ್ರನನ್ನು.

‘ಇಷ್ಟೇನಾ?’ ಎಂದಳು.

‘ಇಷ್ಟೇ ಅವ್ವ.’

‘ಇದೇನಾ ಗ್ರಹಣ ಅಂದ್ರೆ? ಹಿಂಗೇ ಇರ್ತೈತಾ ಯಾವಾಗ್ಲೂ?’

‘ಹಿಂಗೇ. ನಮ್ಮ ಭೂಮಿ ನೆರಳು ಅದರ ಮೇಲೆ ಬೀಳ್ತೈತೆ, ಆಮೇಲೆ ಸರೀತೈತೆ.’

‘ಚೆನ್ನಾಗೈತಲ್ಲೋ’ ಎಂದಳು. ಆ ದನಿಯಲ್ಲಿ ಅವಳಿಗೆ ಯಾರೋ ಮೋಸ ಮಾಡಿದ್ದಾರೆ ಅನ್ನುವ ಸಿಟ್ಟಿತ್ತು. ಆಮೇಲೆ ನೋಡುತ್ತ ಕೂತಳು. ಬೆಳಕಿನ ಅಂಚು ಅಗಲವಾಗುತ್ತ ಬಂದು ನಕ್ಷತ್ರಗಳು ಒಂದೊಂದೇ ಮಾಯವಾದವು.

ನಾನು ಮತ್ತೆ ಕ್ಯಾಮೆರಾದ ಹತ್ತಿರ ಹೋದೆ. ಗರಿಕೆ ತೆಗೆದ ಮೇಲೆ ಬಂದ ಫೋಟೋಗಳು ಚೊಕ್ಕಟವಾಗಿದ್ದವು. ಅವುಗಳಲ್ಲಿ ಒಂದು ಈಗ ತರೀಕೆರೆಯ ಸ್ನೇಹಿತನ ಸ್ಟುಡಿಯೋದಲ್ಲಿದೆ, ಬೈದದ್ದಕ್ಕೆ ನಾನು ಕೊಟ್ಟ ದಂಡ. ನನ್ನ ಸ್ಟುಡಿಯೋದಲ್ಲಿ ಇರುವುದು ಮಾತ್ರ ಗರಿಕೆಯ ನೆರಳಿನದು. ಮದುಮಕ್ಕಳ ಮೊಡವೆ, ಕಲೆ, ಗಾಯದ ಗುರುತು ಅಳಿಸುವುದೇ ನನ್ನ ದಿನದ ಕೆಲಸ. ಆ ಓರೆ ಗೆರೆಯನ್ನು ತೆಗೆಯುವುದು ನನಗೆ ಕಷ್ಟವೇನಲ್ಲ, ಅವ್ವನೂ ಒಂದೆರಡು ಸಲ ತೆಗೆದುಬಿಡು ಎಂದಿದ್ದಾಳೆ. ನಾನು ತೆಗೆದಿಲ್ಲ. ನೋಡಿದವರು ಮೋಡ ಹಾಯ್ದದ್ದಾ ಎಂದು ಕೇಳುತ್ತಾರೆ, ಹೌದು ಅನ್ನುತ್ತೇನೆ.

ಚಂದ್ರ ಅರ್ಧಕ್ಕಿಂತ ಹೆಚ್ಚು ಬಿಟ್ಟಿದ್ದ. ಇನ್ನೊಂದು ಒಳ್ಳೆಯ ಫೋಟೋಕ್ಕೆಂದು ಬಗ್ಗಿದ್ದೆ, ಹಿಂದಿನಿಂದ ಅವ್ವನ ದನಿ ಬಂತು.

‘ಹಣ್ಣು ಇನ್ನೂ ಐತೇನೇ?’

‘ಸೀಬೆಹಣ್ಣು ಅತ್ತೆ, ನಿಮಗಾಗಲ್ಲ. ಬೀಜ’ ಎಂದಳು ಹೆಂಡತಿ.

‘ಕೊಡು ಇಲ್ಲಿ. ಚಾಕೂನೂ ಕೊಡು.’

ನಾನು ತಿರುಗಿದೆ. ಅವ್ವ ಚೀಲದಲ್ಲಿ ಕೈಯಾಡಿಸಿ, ಒಂದೊಂದನ್ನೇ ಅದುಮಿ ನೋಡಿ, ಹಳದಿಗೆ ತಿರುಗಿದ ಒಂದು ಹಣ್ಣನ್ನು ಆರಿಸಿದಳು. ಸೆರಗಿನಿಂದ ಒರೆಸಿ ಎಡಗೈಯಲ್ಲಿ ಇಟ್ಟುಕೊಂಡಳು. ಬಲಗೈಯಲ್ಲಿ ನನ್ನ ಕ್ಯಾಮೆರಾ ಬ್ಯಾಗಿನ ಸಣ್ಣ ಚಾಕು.

‘ಅವ್ವ, ಗ್ರಹಣ ಇನ್ನೂ ಬಿಟ್ಟಿಲ್ಲ’ ಎಂದೆ.

‘ಕಾಣ್ತೈತೆ ಕಣೋ ನನಗೂ’ ಎಂದಳು. ‘ನೀನು ಇಲ್ಲಿ ಬಾ. ಮುಂದೆ ಕೂರು.’

ಕೂತೆ. ಅವಳು ಹಣ್ಣಿನ ಕಡೆ ನೋಡಲಿಲ್ಲ, ನನ್ನ ತುಟಿಯನ್ನೇ ನೋಡುತ್ತ ಚಾಕು ಇಳಿಸಿದಳು. ಬಹಳ ನಿಧಾನವಾಗಿ ಇಳಿಸಿದಳು. ಹಣ್ಣು ಎರಡಾಯಿತು. ಅವಳು ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಉಸಿರು ಬಿಟ್ಟು, ಒಂದು ಹೋಳನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು.

ಚಂದ್ರ ಪೂರ್ತಿ ಬಿಟ್ಟ ಹೊತ್ತಿನ ಫೋಟೋ ನನ್ನ ಹತ್ತಿರ ಒಂದೂ ಇಲ್ಲ. ಆ ಹೊತ್ತಿನಲ್ಲಿ ನಾವು ಮೂವರೂ ಏರಿಯ ಮೇಲೆ ಬೆಳುದಿಂಗಳಲ್ಲಿ ಕೂತು ಹಣ್ಣು ತಿನ್ನುತ್ತಿದ್ದೆವು. ಅವ್ವ ನಾಲಿಗೆಯಿಂದ ಹಲ್ಲಿನ ಸಂದಿಯನ್ನು ತಡಕಾಡುತ್ತ, ‘ಬೀಜ ಸಿಗಾಕ್ಕೊಳ್ತೈತೆ ಅಂತ ನಾನು ಹೇಳಿರ್ಲಿಲ್ವೇನೇ’ ಎಂದು ಸೊಸೆಗೆ ಹೇಳಿ, ಇನ್ನೊಂದು ಹಣ್ಣಿಗೆ ಕೈ ಚಾಚಿದಳು.